ಬ್ರೆಡ್ಡಿನ ಬದಲಿ ಆಹಾರಗಳು: ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆ

ಮೈದಾ ಹಿಟ್ಟನ್ನು ಹುದುಗು ಬರಿಸಿ ಭಟ್ಟಿಯಲ್ಲಿ ಬೇಯಿಸಿದ ಬ್ರೆಡ್, ಬನ್ನು, ಪಾವುಗಳ ಜಾಗದಲ್ಲಿ ತಿನ್ನಬಹುದಾದ, ಶರ್ಕರಪಿಷ್ಟವೋ (ಮುಂದೆ ಚಿಕ್ಕದಾಗಿ ಪಿಷ್ಟ) ಕ್ಯಾಲೊರಿಯೋ ಕಡಿಮೆಯಿರುವ ತಿನಿಸುಗಳಿಗೆ ಬ್ರೆಡ್ಡಿನ ಬದಲಿ ಆಹಾರಗಳೆಂದು ಹೆಸರು. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳಲ್ಲಿ ಈ ಬದಲಿಯ ಲೆಕ್ಕ ತಿರುವುಮುರುವು. ಇಲ್ಲಿ ದಿನದ ಊಟ ಜೋಳದ ರೊಟ್ಟಿಯದು. ಬ್ರೆಡ್ ಈಚಿನದು, ಹಳ್ಳಿಗಳಿಗೆ ಅದು ಬಂದದ್ದು ಜ್ವರ ಬಂದವರ ಪಥ್ಯವಾಗಿ, ಚಹಾದಲ್ಲಿ ಅದ್ದಿ ತಿನ್ನುವ ತಿಂಡಿಯಾಗಿ. ಈಗ ‘ಸಕ್ರಿ ಬ್ಯಾನಿ’ (ಮಧುಮೇಹ) ಮತ್ತು ಬೊಜ್ಜಿನ ಭಯದಿಂದ ಪೇಟೆಯ ಜನ ಬ್ರೆಡ್ ಬಿಟ್ಟು ರೊಟ್ಟಿಗೆ ಮರಳುತ್ತಿದ್ದಾರೆ. ಜೋಳದ ರೊಟ್ಟಿ ಪಿಷ್ಟ ಕಡಿಮೆಯಿರುವ ಆಹಾರ ಎಂಬ ನಂಬಿಕೆಯೂ ಅದರ ಜೊತೆ ಹಬ್ಬಿದೆ. ಈ ನಂಬಿಕೆ ಅರ್ಧ ಮಾತ್ರ ನಿಜ. ಒಣ ಹಿಟ್ಟಿನ ಲೆಕ್ಕದಲ್ಲಿ ಜೋಳದ ಪಿಷ್ಟ ಗೋಧಿಗಿಂತ ಕಡಿಮೆಯಿಲ್ಲ. ಊಟವನ್ನು ಹಗುರ ಮಾಡುವುದು ರೊಟ್ಟಿಯ ತೆಳುವು, ಅದರ ನಾರು, ಎಲ್ಲಕ್ಕಿಂತ ಹೆಚ್ಚಾಗಿ ಅದರ ಪಕ್ಕದಲ್ಲಿ ಬೀಳುವ ಕಾಳು, ಪಲ್ಯ, ಹಿಂಡಿ (ಚಟ್ನಿಪುಡಿ), ಮಜ್ಜಿಗೆ.

ನೆಲ ಮತ್ತು ಬೆಳೆ

ನಾಲ್ಕೂ ತಾಲ್ಲೂಕುಗಳನ್ನು ಪೋಣಿಸುವುದು ಮಲಪ್ರಭಾ ನದಿ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಹೊಳೆ ಕಿತ್ತೂರು, ಬೈಲಹೊಂಗಲ ಸೀಮೆ ದಾಟಿ, ಸವದತ್ತಿಯ ಹತ್ತಿರ ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಂತು, ಅಲ್ಲಿಂದ ರಾಮದುರ್ಗದ ಕಡೆಗೆ ಹರಿಯುತ್ತದೆ. ನದಿ ಪೂರ್ವಕ್ಕೆ ಸಾಗಿದ ಹಾಗೆ ಮಳೆ ಕಡಿಮೆಯಾಗುತ್ತದೆ, ಕಾಳು ಬದಲಾಗುತ್ತದೆ. ಮಲೆನಾಡಿನ ಸೆರಗಿಗೆ ಅಂಟಿಕೊಂಡ ಕಿತ್ತೂರಿನ ಪಶ್ಚಿಮದ ಹಳ್ಳಿಗಳಲ್ಲಿ ಭತ್ತವಿದೆ, ಅಕ್ಕಿಯ ಊಟವಿದೆ. ಬೈಲಹೊಂಗಲ, ಸವದತ್ತಿಗಳ ಎರೆಭೂಮಿ ಹಿಂಗಾರಿ ಬಿಳಿಜೋಳ, ಕಡಲೆ, ಗೋಧಿ, ಹತ್ತಿಯ ನೆಲ. ಇನ್ನೂ ಒಣಗಿದ ರಾಮದುರ್ಗದ ಕಡೆ, ಹಗುರ ಮಣ್ಣಿನ ಹೊಲಗಳಲ್ಲಿ, ಸಜ್ಜೆಯೂ ಸೇರಿಕೊಳ್ಳುತ್ತದೆ. ಬ್ರಿಟಿಷರ ಆಡಳಿತದಲ್ಲಿ ಬೈಲಹೊಂಗಲ ಮತ್ತು ಕಿತ್ತೂರು ಸಂಪಗಾವಿ ತಾಲ್ಲೂಕಿನಲ್ಲಿದ್ದವು, ಸವದತ್ತಿ ಪರಸಗಡ ತಾಲ್ಲೂಕಿನಲ್ಲಿತ್ತು. ರಾಮದುರ್ಗ 1948ರವರೆಗೆ ಪ್ರತ್ಯೇಕ ಸಂಸ್ಥಾನ. ಆಳುವವರು ಬೇರೆಯಾದರೂ ತಾಟು ಬಹುಮಟ್ಟಿಗೆ ಒಂದೇ ಆಗಿತ್ತು.

ಹಿಂಗಾರಿ ಜೋಳವನ್ನು ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬಿತ್ತುತ್ತಾರೆ. ಎರೆಮಣ್ಣು ಹಿಡಿದಿಟ್ಟ ತೇವದ ಮೇಲೆಯೇ ಅದು ಬೆಳೆಯುತ್ತದೆ. ರೊಟ್ಟಿಗೆ ಜನ ಮೆಚ್ಚುವ ಜೋಳವೆಂದರೆ ‘ಮಾಲದಂಡಿ’. ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ಆಯ್ಕೆಯಾದ ಎಂ 35–1 ತಳಿ ಇದು. ಮುಂಗಾರಿನ ಹೈಬ್ರಿಡ್ ಜೋಳ ಹೆಚ್ಚು ಇಳುವರಿ ಕೊಟ್ಟರೂ ಕಾಳು ಮಳೆಗೆ ಸಿಕ್ಕಿ ಕಪ್ಪಾಗುತ್ತದೆ, ರೊಟ್ಟಿಗೆ ಆ ಬಿಳುಪು, ಆ ಸಿಹಿ ಬರುವುದಿಲ್ಲ. ಗೋಧಿಯಲ್ಲಿ ‘ಸದಕ’ ಎಂಬ ಕೆಂಪು ಗೋಧಿ ಈ ಭಾಗದ ಹಳೆಯ ಬೆಳೆ. 1986ರಲ್ಲಿ ಸ್ಥಾಪನೆಯಾದ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಇದರ ಡಿಡಿಕೆ ಸರಣಿಯ ಗಿಡ್ಡ ತಳಿಗಳನ್ನು ಹೊರತಂದಿದೆ. ನೀರಾವರಿ ಬಂದ ಮೇಲೆ ಕಬ್ಬು, ಗೋವಿನಜೋಳ, ಸೋಯಾ ಅವರೆ ಜೋಳದ ಹೊಲಗಳನ್ನು ಹಿಡಿದವು. ಹೀಗಾಗಿ ಜೋಳದ ಸೀಮೆಯಲ್ಲೇ ಇಂದು ಎಷ್ಟೋ ಮನೆಗಳು ಜೋಳವನ್ನು ಕೊಂಡು ತರುತ್ತವೆ.

ರೊಟ್ಟಿಯ ಬಗೆಗಳು

ಜೋಳದಲ್ಲಿ ಗ್ಲುಟೆನ್ ಇಲ್ಲ. ಗೋಧಿ ಹಿಟ್ಟನ್ನು ಎಳೆದರೆ ಹಿಗ್ಗುವಂತೆ ಮಾಡುವ ಈ ಪ್ರೋಟೀನ್ ಇಲ್ಲದ ಕಾರಣ ಜೋಳದ ಹಿಟ್ಟು ಹುದುಗು ಬಂದು ಉಬ್ಬುವುದಿಲ್ಲ, ಲಟ್ಟಿಸಿದರೆ ಹರಿಯುತ್ತದೆ. ಆ ಕೊರತೆಯನ್ನು ತುಂಬುವುದು ಎಸರು. ಕುದಿಯುವ ನೀರು ಬಿದ್ದಾಗ ಹಿಟ್ಟಿನ ಪಿಷ್ಟದ ಒಂದು ಭಾಗ ಬೆಂದು ಅಂಟಾಗುತ್ತದೆ; ಇದಕ್ಕೇ ‘ಜಿಗಿ ಬರುವುದು’ ಎನ್ನುತ್ತಾರೆ. ಪರಾತದಲ್ಲಿ ಚೆನ್ನಾಗಿ ನಾದಿ, ಒಣಹಿಟ್ಟು ಉದುರಿಸಿ, ಅಂಗೈಯಿಂದ ಬಡಿದು ಅಗಲ ಮಾಡುತ್ತಾರೆ. ಹಂಚಿನ ಮೇಲೆ ಹಾಕಿದ ಕೂಡಲೇ ಒದ್ದೆ ಬಟ್ಟೆಯಿಂದ ಮೇಲ್ಮೈ ಸವರಿ, ತಿರುವಿ, ಕೊನೆಗೆ ಕೆಂಡದ ಮುಂದೆ ನಿಲ್ಲಿಸಿದರೆ ಒಳಗಿನ ಆವಿಯಿಂದಲೇ ರೊಟ್ಟಿ ಉಬ್ಬುತ್ತದೆ. ಯೀಸ್ಟ್ ಬೇಡ, ಎಣ್ಣೆ ಬೇಡ, ಸಕ್ಕರೆ ಬೇಡ. ಅನೇಕ ಮನೆಗಳಲ್ಲಿ ಉಪ್ಪನ್ನೂ ಹಾಕುವುದಿಲ್ಲ. ಅಂಗಡಿಯ ಬ್ರೆಡ್ಡಿನಲ್ಲಿ ಉಪ್ಪು, ಸಕ್ಕರೆ, ಕೊಬ್ಬು ಹಿಟ್ಟಿನ ಒಳಗೇ ಇರುತ್ತವೆ.

ಬಿಸಿ ರೊಟ್ಟಿ ಅಂದಂದಿನ ಊಟಕ್ಕೆ. ಕಟಕ ರೊಟ್ಟಿ ದಾಸ್ತಾನಿಗೆ: ಹೆಚ್ಚು ತೆಳುವಾಗಿ ಬಡಿದು, ಹಂಚಿನ ಮೇಲೆ ನೀರಾರುವವರೆಗೆ ಸುಟ್ಟು ಬುಟ್ಟಿಯಲ್ಲಿ ಒಟ್ಟಿದರೆ ವಾರಗಟ್ಟಲೆ ಕೆಡುವುದಿಲ್ಲ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು ಬರುವವರ ಗಂಟಿನಲ್ಲಿ ಇದೇ ಇರುತ್ತದೆ. ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ ದೇವಿಯ ಹೆಸರಿನಲ್ಲಿ ಪಡ್ಡಲಗಿ ಎಂಬ ನೈವೇದ್ಯದ ಬುಟ್ಟಿ ತುಂಬುವಾಗ ಹೋಳಿಗೆ, ಕಡಬಿನ ಜೊತೆ ರೊಟ್ಟಿ, ಪಲ್ಯವೂ ಇರುತ್ತವೆ. ನಾಗರ ಪಂಚಮಿಯ ಹಿಂದಿನ ದಿನ ‘ರೊಟ್ಟಿ ಹಬ್ಬ’. ಅಂದು ನೆರೆಹೊರೆಯವರು ಕಟಕ ರೊಟ್ಟಿ ಮತ್ತು ಕಾಳುಪಲ್ಯಗಳನ್ನು ಹಂಚಿಕೊಳ್ಳುತ್ತಾರೆ.

ಸಜ್ಜೆ ರೊಟ್ಟಿ ಚಳಿಗಾಲದ್ದು. ಸಂಕ್ರಾಂತಿಯ ಹಿಂದಿನ ಭೋಗಿಯಂದು ಅದರ ಮೇಲೆ ಎಳ್ಳು ಹಚ್ಚಿ, ಎಣ್ಣೆಗಾಯಿ ಬದನೆಯ ಜೊತೆ ಉಣ್ಣುತ್ತಾರೆ. ಸಜ್ಜೆಯಲ್ಲಿ ಕೊಬ್ಬಿನಂಶ ಜೋಳದ ಸುಮಾರು ಮೂರು ಪಟ್ಟು. ಹಿಟ್ಟು ಬೇಗ ಕಹಿಯಾಗುವುದು ಇದೇ ಕಾರಣಕ್ಕೆ. ಆದ್ದರಿಂದ ಆಗಾಗ ಸ್ವಲ್ಪ ಸ್ವಲ್ಪವೇ ಬೀಸಿಸುತ್ತಾರೆ. ಜೋಳ, ಗೋಧಿ, ಕಡಲೆ ಹಿಟ್ಟುಗಳನ್ನು ಕೂಡಿಸಿ, ಉಳ್ಳಾಗಡ್ಡಿ, ಮೆಂತ್ಯ ಸೊಪ್ಪು, ಕೊತ್ತಂಬರಿ ಹಾಕಿ ತಟ್ಟುವ ತಾಲಿಪಟ್ಟು ಮತ್ತು ದಪಾಟಿ ಮರಾಠಿ ನೆರೆಯೊಂದಿಗೆ ಹಂಚಿಕೊಂಡ ತಿನಿಸುಗಳು. ದಪಾಟಿ ಪ್ರಯಾಣದ ಬುತ್ತಿಗೆ ಹೆಸರಾದದ್ದು.

ಪೌಷ್ಟಿಕಾಂಶದ ಹೋಲಿಕೆ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರಗಳ ಸಂಯೋಜನಾ ಕೋಷ್ಟಕದ ಪ್ರಕಾರ 100 ಗ್ರಾಂ ಒಣ ಪದಾರ್ಥದಲ್ಲಿರುವ ಪ್ರಮಾಣ (ಪೂರ್ಣಾಂಕಕ್ಕೆ ಸಮೀಪಿಸಿದ್ದು) ಹೀಗಿದೆ:

| ಪದಾರ್ಥ | ಕ್ಯಾಲೊರಿ | ಶರ್ಕರಪಿಷ್ಟ (ಗ್ರಾಂ) | ನಾರು (ಗ್ರಾಂ) | ಪ್ರೋಟೀನ್ (ಗ್ರಾಂ) |
|---|---|---|---|---|
| ಮೈದಾ | 352 | 74 | 3 | 10 |
| ಗೋಧಿ ಹಿಟ್ಟು | 320 | 64 | 11 | 11 |
| ಜೋಳ | 334 | 68 | 10 | 10 |
| ಸಜ್ಜೆ | 348 | 62 | 11 | 11 |
| ಕಡಲೆ ಬೇಳೆ | 329 | 47 | 15 | 22 |
| ಹೆಸರುಕಾಳು | 294 | 46 | 17 | 23 |
| ಶೇಂಗಾ | 520 | 17 | 10 | 24 |
| ಅಗಸಿ | 444 | 11 | 26 | 19 |

ಮೈದಾಕ್ಕೂ ಜೋಳಕ್ಕೂ ಪಿಷ್ಟದಲ್ಲಿರುವ ಅಂತರ 100 ಗ್ರಾಂಗೆ ಆರೇಳು ಗ್ರಾಂ ಅಷ್ಟೇ. ನಿಜವಾದ ಅಂತರವಿರುವುದು ನಾರಿನಲ್ಲಿ. ಜೋಳದಲ್ಲಿ ಅದು ಮೈದಾದ ಮೂರು ಪಟ್ಟಿಗೂ ಹೆಚ್ಚು. ಇಡೀ ಗೋಧಿಯನ್ನು ಬೀಸಿದ ಹಿಟ್ಟಿನ ಮುಂದೆ ಇಟ್ಟರೆ ಆ ಅಂತರವೂ ಅಳಿಸಿಹೋಗುತ್ತದೆ.

ತೂಕದ ಹೋಲಿಕೆಯಲ್ಲಿ ಇನ್ನೊಂದು ತೊಡಕಿದೆ. ಬ್ರೆಡ್ಡಿನಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ನೀರೇ. ಹಾಗಾಗಿ 100 ಗ್ರಾಂ ಬಿಳಿ ಬ್ರೆಡ್ಡಿನಲ್ಲಿ ಸುಮಾರು 50 ಗ್ರಾಂ ಶರ್ಕರಪಿಷ್ಟ, 250–265 ಕ್ಯಾಲೊರಿ ಸಿಗುತ್ತವೆ. ಕಟಕ ರೊಟ್ಟಿಯಲ್ಲಿ ನೀರು ಉಳಿದಿರುವುದಿಲ್ಲ. 100 ಗ್ರಾಂ ಕಟಕ ರೊಟ್ಟಿಯೆಂದರೆ ಹೆಚ್ಚುಕಡಿಮೆ 100 ಗ್ರಾಂ ಹಿಟ್ಟೇ. ತೂಕಕ್ಕೆ ತೂಕ ಇಟ್ಟರೆ ಬ್ರೆಡ್ಡೇ ಹಗುರ. ಆದರೆ ಯಾರೂ ತಕ್ಕಡಿ ಇಟ್ಟು ಉಣ್ಣುವುದಿಲ್ಲ, ಎಣಿಸಿ ಉಣ್ಣುತ್ತಾರೆ. 25 ಗ್ರಾಂ ಹಿಟ್ಟಿನ ತೆಳು ಕಟಕ ರೊಟ್ಟಿಯಲ್ಲಿ ಸುಮಾರು 17 ಗ್ರಾಂ ಪಿಷ್ಟ, 84 ಕ್ಯಾಲೊರಿ. 40 ಗ್ರಾಂ ಹಿಟ್ಟಿನ ಬಿಸಿ ರೊಟ್ಟಿಯಲ್ಲಿ 27 ಗ್ರಾಂ, 134 ಕ್ಯಾಲೊರಿ. 25–30 ಗ್ರಾಂ ತೂಗುವ ಒಂದು ಬ್ರೆಡ್ ತುಂಡಿನಲ್ಲಿ 12–15 ಗ್ರಾಂ, 65–80 ಕ್ಯಾಲೊರಿ. ಎರಡು ತುಂಡು ಬ್ರೆಡ್ಡನ್ನು ಬಿಟ್ಟು ಎರಡು ಬಿಸಿ ರೊಟ್ಟಿ ತಿಂದವನು ಪಿಷ್ಟವನ್ನು ಕಡಿಮೆ ಮಾಡಿದ್ದಾನೆ ಎನ್ನಲಾಗದು, ಇಮ್ಮಡಿ ಮಾಡಿಕೊಂಡಿರಬಹುದು. ಅವನಿಗೆ ದಕ್ಕುವ ಲಾಭ ಬೇರೆ: ರೊಟ್ಟಿಯನ್ನು ಅಗಿಯಬೇಕು, ಅದು ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ಮತ್ತು ಜಾಮು ಬೆಣ್ಣೆಯನ್ನು ಬೇಡುವುದಿಲ್ಲ.

ತಿಂದ ಪಿಷ್ಟ ಎಷ್ಟು ಬೇಗ ರಕ್ತದ ಸಕ್ಕರೆಯಾಗುತ್ತದೆ ಎಂಬುದನ್ನು ಹೇಳುವ ಗ್ಲೈಸೆಮಿಕ್ ಸೂಚ್ಯಂಕವನ್ನು 1981ರಲ್ಲಿ ಟೊರೊಂಟೊದ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು ರೂಪಿಸಿದರು. ಬಿಳಿ ಬ್ರೆಡ್ಡಿನ ಸೂಚ್ಯಂಕ ಸುಮಾರು 75. ಸಿರಿಧಾನ್ಯಗಳ ಕುರಿತ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2021ರ ವಿಶ್ಲೇಷಣೆಯೊಂದರಲ್ಲಿ ಜೋಳವೂ ಸೇರಿ ಅವುಗಳ ಸರಾಸರಿ ಸುಮಾರು 53 ಬಂದಿತು. ಆದರೆ 2002ರ ಅಂತಾರಾಷ್ಟ್ರೀಯ ಕೋಷ್ಟಕದಲ್ಲಿ ಭಾರತದ ಜೋಳದ ರೊಟ್ಟಿಗೆ 77 ಎಂಬ ಅಂಕಿಯೂ ಇದೆ. ಹಿಟ್ಟು ಎಷ್ಟು ನುಣುಪು, ಎಸರು ಎಷ್ಟು, ಜೊತೆಗೆ ಏನು ತಿಂದರು ಎಂಬುದರ ಮೇಲೆ ಈ ಅಂಕಿ ಏರಿಳಿಯುತ್ತದೆ. ಒಂದು ಅಂಕಿಯನ್ನು ಹಿಡಿದು ‘ಸಕ್ಕರೆ ಏರುವುದೇ ಇಲ್ಲ’ ಎನ್ನುವ ಪ್ರಚಾರಕ್ಕೆ ಆಧಾರವಿಲ್ಲ.

ಹಿಟ್ಟನ್ನು ಬದಲಿಸುವ ದಾರಿ

ರೊಟ್ಟಿಯ ಪಿಷ್ಟವನ್ನೇ ಇಳಿಸಬೇಕೆಂದರೆ ಹಿಟ್ಟಿಗೆ ಬೇಳೆ ಅಥವಾ ಎಣ್ಣೆಕಾಳು ಕೂಡಿಸಬೇಕು. 70 ಗ್ರಾಂ ಜೋಳಕ್ಕೆ 30 ಗ್ರಾಂ ಕಡಲೆ ಹಿಟ್ಟು ಸೇರಿಸಿದರೆ ಪಿಷ್ಟ 68 ಗ್ರಾಂನಿಂದ ಸುಮಾರು 61ಕ್ಕೆ ಇಳಿಯುತ್ತದೆ, ಪ್ರೋಟೀನ್ 10ರಿಂದ 13 ಗ್ರಾಂ ದಾಟುತ್ತದೆ. ತಾಲಿಪಟ್ಟು, ದಪಾಟಿಗಳಲ್ಲಿ ಆಗುವುದು ಇದೇ. ಆದರೆ ಕಾಯಿಸುವಾಗ ಬಿಡುವ ಎಣ್ಣೆ ಉಳಿತಾಯದ ಕ್ಯಾಲೊರಿಯನ್ನು ಮರಳಿ ಕೊಡುತ್ತದೆ. ಸೋಯಾದಿಂದ ಆಗುವ ಬದಲಾವಣೆ ಇನ್ನೂ ದೊಡ್ಡದು. ಅದರಲ್ಲಿ ಪಿಷ್ಟ 10–13 ಗ್ರಾಂ, ಪ್ರೋಟೀನ್ 36–38 ಗ್ರಾಂ. 30 ಗ್ರಾಂ ಸೋಯಾ ಸೇರಿದರೆ ಪಿಷ್ಟ ಸುಮಾರು 51ಕ್ಕೆ, ಅಂದರೆ ಕಾಲುಭಾಗದಷ್ಟು ತಗ್ಗುತ್ತದೆ. ಬೈಲಹೊಂಗಲದ ಮುಂಗಾರಿ ಹೊಲಗಳಲ್ಲಿ ಸೋಯಾ ಹೇರಳವಾಗಿ ಬೆಳೆಯುತ್ತದೆ, ಆದರೆ ಅದು ಮಾರುಕಟ್ಟೆಗೆ, ಅಲ್ಲಿಂದ ಎಣ್ಣೆ ಗಿರಣಿಗೆ ಹೋಗುತ್ತದೆಯೇ ಹೊರತು ರೊಟ್ಟಿಯ ಹಿಟ್ಟಿಗೆ ಬರುವುದು ಅಪರೂಪ. ಹಸಿ ಸೋಯಾದಲ್ಲಿ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶವಿದೆ. ಆದ್ದರಿಂದ ಕುದಿಸಿ ಒಣಗಿಸಿ ಅಥವಾ ಚೆನ್ನಾಗಿ ಹುರಿದ ಮೇಲೆಯೇ ಬೀಸಬೇಕು. ಹಿಟ್ಟಿನಲ್ಲಿ ಸೋಯಾ ಹೆಚ್ಚಾದಷ್ಟೂ ಜಿಗಿ ಕಡಿಮೆಯಾಗಿ ರೊಟ್ಟಿ ಬಡಿಯುವುದು ಕಷ್ಟ.

ಸದಕ ಗೋಧಿಯನ್ನು ಮಧುಮೇಹಿಗಳಿಗೆ ಒಳ್ಳೆಯದೆಂದು ಮಾರುತ್ತಾರೆ. ನಾರು, ಪ್ರೋಟೀನ್ ದೃಷ್ಟಿಯಿಂದ ಅದು ಉತ್ತಮ ಗೋಧಿ. ಆದರೂ ಅದು ಗೋಧಿಯೇ. ಅದರಲ್ಲಿ ಪಿಷ್ಟವೂ ಇದೆ, ಗ್ಲುಟೆನ್ನೂ ಇದೆ.

ತಾಟಿನಲ್ಲಿ ರೊಟ್ಟಿಯ ಪಕ್ಕದ್ದು

ಈ ಸೀಮೆಯ ತಾಟಿನಲ್ಲಿ ಪಿಷ್ಟ ಕಡಿಮೆಯಿರುವ ಆಹಾರ ಇರುವುದು ರೊಟ್ಟಿಯ ಸುತ್ತಮುತ್ತ. ಹೆಸರುಕಾಳು, ಮಡಕಿಕಾಳು, ಅಲಸಂದಿ, ಹುರಳಿಗಳ ಪಲ್ಯ. ಕಡಲೆ ಹಿಟ್ಟಿನ ಜುಣಕ. ಪುಂಡಿ, ಮೆಂತ್ಯ, ರಾಜಗಿರಿ, ಸಬ್ಬಸಗಿ ಸೊಪ್ಪುಗಳು. ಹಸಿಯಾಗಿಯೇ ಕಚ್ಚಿ ತಿನ್ನುವ ಸೌತೆಕಾಯಿ, ಮೂಲಂಗಿ, ಉಳ್ಳಾಗಡ್ಡಿ, ಹೊಲದ ಬದುವಿನ ಹಕ್ಕರಕಿ. ಗುರೆಳ್ಳು, ಅಗಸಿ, ಶೇಂಗಾ ಹಿಂಡಿಗಳು. ಕೊನೆಗೆ ಮೊಸರು, ಮಜ್ಜಿಗೆ. 40 ಗ್ರಾಂ ಹಿಟ್ಟಿನ ಒಂದು ರೊಟ್ಟಿಯನ್ನು ಬಿಟ್ಟು ಅಷ್ಟೇ ತೂಕದ ಹೆಸರುಕಾಳನ್ನು ಪಲ್ಯಕ್ಕೆ ಹೆಚ್ಚಿಸಿದರೆ ಪಿಷ್ಟ 27ರಿಂದ 18 ಗ್ರಾಂಗೆ ಇಳಿದು, ಪ್ರೋಟೀನ್ 4ರಿಂದ 9ಕ್ಕೆ ಏರುತ್ತದೆ. ಹೊಸ ಹಿಟ್ಟು, ಹೊಸ ಯಂತ್ರ ಯಾವುದೂ ಬೇಕಿಲ್ಲ. ಬದಲಾಗುವುದು ಬಡಿಸುವ ಅಳತೆ.

ಪಕ್ಕದ್ದು ಇಲ್ಲವಾದರೆ ಏನಾಗುತ್ತದೆ ಎಂಬುದಕ್ಕೆ ದಖ್ಖನಿನಲ್ಲೇ ಉದಾಹರಣೆಯಿದೆ. ಜೋಳವೊಂದನ್ನೇ ನೆಚ್ಚಿದ ಬಡವರಲ್ಲಿ ಪೆಲಾಗ್ರಾ ಎಂಬ ಚರ್ಮದ, ಕರುಳಿನ, ಮನಸ್ಸಿನ ಕಾಯಿಲೆ ಕಾಣಿಸಿಕೊಳ್ಳುತ್ತಿತ್ತು. ಹೈದರಾಬಾದಿನಲ್ಲಿ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ 1960ರಲ್ಲಿ ಇದಕ್ಕೆ ಜೋಳದ ಪ್ರೋಟೀನಿನಲ್ಲಿ ಲ್ಯೂಸಿನ್ ವಿಪರೀತವಾಗಿರುವುದೇ ಕಾರಣವಿರಬಹುದೆಂದು ವಾದಿಸಿದರು. ಆ ವಾದ ಮುಂದೆ ಬಹಳ ಚರ್ಚೆಗೆ ಒಳಗಾಯಿತು. ಕಾಳು, ಹಾಲು, ಶೇಂಗಾ ಊಟದಲ್ಲಿದ್ದವರು ಈ ಕಾಯಿಲೆಯಿಂದ ಸುರಕ್ಷಿತರು. ರೊಟ್ಟಿ–ಖಾರ ಬಡತನದ ಊಟ, ರೊಟ್ಟಿ–ಕಾಳು–ಮಜ್ಜಿಗೆ ಪೂರ್ಣ ಊಟ. ಇಂದಿನ ಪೋಷಣಾ ಶಿಫಾರಸು ಹೇಳುವುದೂ ಅದನ್ನೇ: ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ದಿನದ ಶಕ್ತಿಯಲ್ಲಿ ಧಾನ್ಯಗಳ ಪಾಲು 45 ಶೇಕಡಾ ಮೀರಬಾರದೆಂದೂ ತರಕಾರಿ, ಹಣ್ಣು ಸೇರಿ ದಿನಕ್ಕೆ 500 ಗ್ರಾಂ ಇರಬೇಕೆಂದೂ ಹೇಳುತ್ತದೆ.

ರೊಟ್ಟಿಯೂ ಇಲ್ಲದ ಬದಲಿಗಳು

ಬ್ರೆಡ್ಡನ್ನು ಬಿಟ್ಟೇ ಮೈ ಇಳಿಸುವ ಪಥ್ಯಕ್ಕೆ ಪಶ್ಚಿಮದಲ್ಲಿ ಹೆಸರು ತಂದವರು ಲಂಡನ್ನಿನ ವಿಲಿಯಂ ಬ್ಯಾಂಟಿಂಗ್. ಅವರ ಕಿರುಹೊತ್ತಿಗೆ 1863ರಲ್ಲಿ ಹೊರಬಂತು. ಅಮೆರಿಕದ ರಾಬರ್ಟ್ ಆಟ್ಕಿನ್ಸ್ 1972ರಲ್ಲಿ ಅದನ್ನೇ ಹೊಸ ರೂಪದಲ್ಲಿ ಹರಡಿದರು. ‘ಕೀಟೊ’ ಎಂಬುದು 1920ರ ದಶಕದಲ್ಲಿ ಮೂರ್ಛೆರೋಗದ ಚಿಕಿತ್ಸೆಗೆಂದು ಹುಟ್ಟಿದ ಪಥ್ಯ. ಇವುಗಳ ಜೊತೆ ಬಂದ ಬಾದಾಮಿ ಹಿಟ್ಟು, ಕೊಬ್ಬರಿ ಹಿಟ್ಟು, ಮೊಟ್ಟೆ, ಇಸಬಗೋಲಿನ ಬ್ರೆಡ್ಡುಗಳು ದೊಡ್ಡ ನಗರಗಳ ಬೇಕರಿಗಳಲ್ಲಿ ಸಿಗುತ್ತವೆ. ಇಲ್ಲಿ ಎರಡು ಮಾತುಗಳನ್ನು ಬೇರೆ ಇಡಬೇಕು. ಪಿಷ್ಟ ಕಡಿಮೆಯಾದದ್ದೆಲ್ಲ ಕ್ಯಾಲೊರಿ ಕಡಿಮೆಯಾದದ್ದಲ್ಲ. 100 ಗ್ರಾಂ ಬಾದಾಮಿಯಲ್ಲಿ ಸುಮಾರು 600 ಕ್ಯಾಲೊರಿ ಇದೆ. ಮೇಲಿನ ಕೋಷ್ಟಕದ ಶೇಂಗಾ, ಅಗಸಿಗಳೂ ಅದೇ ಜಾತಿ. ಹಿಂಡಿಯನ್ನು ಚಮಚದ ಲೆಕ್ಕದಲ್ಲಿ ತಿನ್ನುವ ರೂಢಿ ಇದಕ್ಕೆ ಸರಿಯಾದ ಮಿತಿ.

ಸ್ಥಳೀಯವಾಗಿ ಸುಲಭವಾಗಿ ಆಗುವಂಥವು ಹೆಸರುಬೇಳೆ ಅಥವಾ ಕಡಲೆ ಹಿಟ್ಟಿನ ದೋಸೆ, ಜುಣಕದ ವಡೆ, ಮೊಳಕೆಕಾಳಿನ ಕೋಸಂಬರಿ, ಮೊಟ್ಟೆ ತಿನ್ನುವವರಿಗೆ ಸೊಪ್ಪು ಹಾಕಿದ ಆಮ್ಲೆಟ್. ಜೋಳದ ಅಂಬಲಿ, ನುಚ್ಚು ಜೋಳದವೇ ಆದರೂ ಅವುಗಳಲ್ಲಿ ನೀರೂ ಮಜ್ಜಿಗೆಯೂ ಹೆಚ್ಚು. ಬಟ್ಟಲೊಂದಕ್ಕೆ ಹಿಟ್ಟು ಸ್ವಲ್ಪವೇ ಬೀಳುವುದರಿಂದ ಕ್ಯಾಲೊರಿ ಕಡಿಮೆ.

ಮಾರುಕಟ್ಟೆ ಮತ್ತು ಸಂಸ್ಥೆಗಳು

ಕಟಕ ರೊಟ್ಟಿ ಮನೆಯ ಬುಟ್ಟಿಯಿಂದ ಅಂಗಡಿಯ ಪೊಟ್ಟಣಕ್ಕೆ ಬಂದದ್ದು ಕಳೆದ ಕೆಲವು ದಶಕಗಳಲ್ಲಿ. ಮಹಿಳೆಯರ ಸ್ವಸಹಾಯ ಸಂಘಗಳು ಮತ್ತು ರೊಟ್ಟಿ ಕೇಂದ್ರಗಳು ಬಡಿದ ರೊಟ್ಟಿ ಬೆಳಗಾವಿ, ಹುಬ್ಬಳ್ಳಿಗೆ, ಬೆಂಗಳೂರು, ಪುಣೆಗಳ ಉತ್ತರ ಕರ್ನಾಟಕದ ಕುಟುಂಬಗಳಿಗೆ ಹೋಗುತ್ತದೆ. ಬೈಲಹೊಂಗಲ ತಾಲ್ಲೂಕಿನ ಮತ್ತಿಕೊಪ್ಪದಲ್ಲಿ ಕೆಎಲ್‌ಇ ಸಂಸ್ಥೆ ನಡೆಸುವ ಕೃಷಿ ವಿಜ್ಞಾನ ಕೇಂದ್ರವಿದೆ. 2018ರಲ್ಲಿ ಕೇಂದ್ರ ಸರ್ಕಾರ ಜೋಳ, ಸಜ್ಜೆಗಳನ್ನು ಪೌಷ್ಟಿಕ ಧಾನ್ಯಗಳೆಂದು ಅಧಿಸೂಚಿಸಿತು. ಭಾರತದ ಪ್ರಸ್ತಾವದ ಮೇರೆಗೆ ವಿಶ್ವಸಂಸ್ಥೆ 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿ ಆಚರಿಸಿತು. ಈ ಪ್ರಚಾರದಿಂದ ಜೋಳದ ಬ್ರೆಡ್, ಸಜ್ಜೆ ಬಿಸ್ಕತ್ತುಗಳೂ ಅಂಗಡಿಗೆ ಬಂದವು. ಗ್ಲುಟೆನ್ ಇಲ್ಲದೆ ಬ್ರೆಡ್ ಉಬ್ಬದ ಕಾರಣ ಇವುಗಳಲ್ಲಿ ಅನೇಕವು ಮೈದಾ ಅಥವಾ ಗೋಧಿಯನ್ನೇ ಆಧರಿಸಿವೆ. ಪೊಟ್ಟಣದ ಮೇಲೆ ಪದಾರ್ಥಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ನಮೂದಿಸಬೇಕೆಂಬ ನಿಯಮವಿದೆ; ಮೊದಲ ಹೆಸರು ಮೈದಾ ಆಗಿದ್ದರೆ ಅದು ಮೈದಾ ಬ್ರೆಡ್ಡೇ. ಕಂದು ಬಣ್ಣವೂ ಸಾಕ್ಷಿಯಾಗದು, ಸುಟ್ಟ ಸಕ್ಕರೆಯಿಂದಲೂ ಅದು ಬರುತ್ತದೆ.

ಎಚ್ಚರಿಕೆಗಳು

ಗೋಧಿಯ ಗ್ಲುಟೆನ್ ಒಗ್ಗದ ಸೀಲಿಯಾಕ್ ರೋಗಿಗಳಿಗೆ ಜೋಳ, ಸಜ್ಜೆ ಸುರಕ್ಷಿತ. ಆದರೆ ಗೋಧಿ ಬೀಸಿದ ಗಿರಣಿಯಲ್ಲೇ ಬೀಸಿದರೆ ಬೆರಕೆಯಾಗುತ್ತದೆ. ಥೈರಾಯ್ಡ್ ತೊಂದರೆಯಿರುವವರು ಸಜ್ಜೆಯೊಂದನ್ನೇ ದಿನವೂ ನೆಚ್ಚುವುದು ಒಳ್ಳೆಯದಲ್ಲ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ರೊಟ್ಟಿಯ ಎಣಿಕೆಯನ್ನು ಒಮ್ಮೆಲೇ ಕಡಿಮೆ ಮಾಡಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಔಷಧದ ಅಳತೆಯನ್ನೂ ವೈದ್ಯರ ಸಲಹೆಯಂತೆ ಜೊತೆಜೊತೆಗೇ ಬದಲಿಸಬೇಕು. ಮೂತ್ರಪಿಂಡದ ಕಾಯಿಲೆಯವರು ಕಾಳಿನ ಪ್ರಮಾಣ ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಿಕೊಳ್ಳಬೇಕು. ಉಳಿದವರಿಗೆ ಅನ್ವಯವಾಗುವ ನಿಯಮ ಸರಳವಾದದ್ದು: ಬ್ರೆಡ್ಡಿನ ಜಾಗಕ್ಕೆ ರೊಟ್ಟಿ ಬಂದರೆ ಸಾಲದು, ಒಂದು ರೊಟ್ಟಿಯ ಜಾಗಕ್ಕೆ ಕಾಳುಪಲ್ಯವೂ ಬರಬೇಕು.